ಬಸ್ ಸ್ಟಾಪಿನ ಕಡೆಯ ಮೋರಪಂಖಿ

ಬಸವಕಲ್ಯಾಣ
4 ನವೆಂಬರ್ 2024

ಪ್ರಿಯ ಆಯೆಷಾ,

ಇದನ್ನು ಬರೆಯದೆ ಬಿಡುವವಳಿದ್ದೆ. ನಿನ್ನೆ ನಿನ್ನ ಅಂಗಳದ ಮೋರಪಂಖಿ ಸಾಲಿನಲ್ಲಿ ನೀವೆಲ್ಲ ಕಾಯಿ ಎಂದು ಸಂಭ್ರಮಪಟ್ಟದ್ದು ಕಾಯಲ್ಲ, ಹುಳ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ.

ಯಾಕೆ ಬಿಡಲಿಲ್ಲ ಎಂದು ಬಸ್ಸು ರಾಜೇಶ್ವರ ದಾಟುವವರೆಗೂ ಯೋಚಿಸಿದೆ. ನೀನು ನನ್ನನ್ನು ಕೇಳಲಿಲ್ಲ, ಅದಕ್ಕೆ. ಇಪ್ಪತ್ತು ವರ್ಷದಿಂದ ನಿನ್ನ ಮನೆಯ ಗಿಡದ ಎಲೆ ಹಳದಿಯಾದರೆ ನನಗೆ ಪತ್ರ ಬರುತ್ತದೆ, ಪತ್ರದೊಳಗೆ ಒಂದು ಕಡ್ಡಿ ಇರುತ್ತದೆ. ನಿನ್ನೆ ನಾನು ಪಕ್ಕದಲ್ಲೇ ಕುಳಿತಿದ್ದೆ. ನೀನು ಮೀನಾಜಳ ಕಡೆ ತಿರುಗಿ "ಇದೇನವ್ವಾ ಜೋತಾಡಾಕತ್ತದ?" ಎಂದೆ. ಅವಳು "ಫಲ ಬಿಟ್ಟದ ಆಪಾ" ಎಂದಳು. ನಿನ್ನ ಅತ್ತೆ ಅಮ್ಮಿಜಾನ್ ಮೊದಲ ಫಲ ಯಾರೂ ಕೀಳಬೇಡಿ, ಹಣ್ಣಾದ ಮೇಲೆ ಓಣಿಗೆಲ್ಲ ಹಂಚೋಣ ಎಂದರು. ನೀನು ಮೀನಾಜಳ ಮಾತಿನಲ್ಲಿ ಎಷ್ಟು ಮೈಮರೆತಿದ್ದೆ ಎಂದರೆ ನನಗೆ ಬಗ್ಗಿಸಿದ ಚಹಾ ಅರ್ಧ ತಟ್ಟೆಗೆ ಬಿತ್ತು. ಮೂರು ವರ್ಷದ ಹಿಂದೆ ಪಕ್ಕದ ಮನೆಗೆ ಸೊಸೆಯಾಗಿ ಬಂದವಳು, ಗಂಡನ ಹೂವಿನ ಅಲಂಕಾರದ ಅಂಗಡಿಯಲ್ಲಿ ಕೂರುತ್ತಾಳೆ ಎಂಬುದಷ್ಟೇ ಅವಳ ಬಗ್ಗೆ ನನಗೆ ಗೊತ್ತು. ಒಳ್ಳೆಯವಳೇ ಇರಬಹುದು.

ಈಗ ವಿಷಯಕ್ಕೆ ಬರುತ್ತೇನೆ. ಮೋರಪಂಖಿಯ ನಿಜವಾದ ಕಾಯಿ ಸಣ್ಣದು, ತುಸು ನೀಲಿ ಬಳಿದ ಹಸಿರು. ಅದಕ್ಕೆ ಪುಟ್ಟ ಕೊಂಬುಗಳಿರುತ್ತವೆ. ಅದು ಕೊಂಬೆಗೆ ಗಟ್ಟಿಯಾಗಿ ಅಂಟಿ ಕೂತಿರುತ್ತದೆ, ಜೋತಾಡುವುದಿಲ್ಲ. ನಿಮ್ಮಲ್ಲಿ ಜೋತಾಡುತ್ತಿರುವುದು ಚೀಲದ ಹುಳ. ರೇಷ್ಮೆಯಂಥ ನೂಲು ತೆಗೆದು, ಅದೇ ಮರದ ಎಲೆಯ ಚೂರುಗಳನ್ನು ಮೈಗೆ ಅಂಟಿಸಿಕೊಂಡು, ಆ ಚೀಲದೊಳಗೇ ಕೂತು ಮರವನ್ನು ತಿನ್ನುತ್ತದೆ. ಹೆಣ್ಣಿಗೆ ರೆಕ್ಕೆಯೇ ಬರುವುದಿಲ್ಲ. ಅಲ್ಲೇ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಹಾಗಾಗಿ ಔಷಧ ಬೇಡ. ಮೊಟ್ಟೆ ಒಡೆಯುವ ಮುಂಚೆ ಕೈಯಿಂದ ಕತ್ತರಿಸಿ ಸಾಬೂನು ನೀರಿಗೆ ಹಾಕಿದರೆ ಸಾಕು. ಎಳೆದು ಕೀಳಬೇಡ, ಕೊಂಬೆಗೆ ಸುತ್ತಿದ ನೂಲು ಉಳಿದು ಬಿಗಿಯುತ್ತದೆ.

ನವಿಲುಗರಿಯಂಥ ಎಲೆಯ ಆ ಗಿಡಗಳ ಸಾಲು ಬರೀ ಅಂದಕ್ಕಲ್ಲ ಎಂದು ನನಗೆ ಗೊತ್ತು. ಎದುರಿಗೆ ಬಸ್ ಸ್ಟಾಪ್ ಬಂದ ಮೇಲೆ ಅಮ್ಮಿಜಾನ್ ಹಗಲೆಲ್ಲ ಕೂರುವ ಹೊರಸಿಗೆ ಇರುವ ಮರೆ ಅದೊಂದೇ. ಆ ಮರೆ ಹೋದರೆ ಅವರು ಒಳಕೋಣೆ ಸೇರುತ್ತಾರೆ. ಆಮೇಲೆ ಅವರನ್ನು ಬಿಸಿಲಿಗೆ ಕರೆತರುವುದು ಯಾರಿಂದಲೂ ಆಗದು.

ಇನ್ನೇನಾದರೂ ಕಂಡರೆ ಕಡ್ಡಿ ಕಳಿಸು. ಎಂದಿನಂತೆ ಕಾಗದದಲ್ಲಿ ಸುತ್ತು. ಪ್ಲಾಸ್ಟಿಕ್ಕಿನಲ್ಲಿ ಬೆವೆತು ಕೊಳೆಯುತ್ತದೆ.

ನಿನ್ನ,
ಉಮಾ


ಹುಮನಾಬಾದ್
13 ನವೆಂಬರ್ 2024

ಉಮಾ,

ನೀ ಅಲ್ಲೇ ಹೇಳಿದ್ರ ಏನಾಕಿತ್ತು? ಟೀಚರಮ್ಮ ಹುಳಾ ಅಂದಾಳಂತ ಯಾರಾದ್ರೂ ಫಾಸಿ ಕೊಡ್ತಿದ್ರೇನು?

ಪತ್ರ ಬಂದ ದಿನಾನೇ ಒಂದು ಚೀಲ ಹರದ್ವಿ. ಒಳಗಿಂದ ಕರೀ ತಲಿ ಹೊರಗ ಹಾಕ್ತು. ಅಮ್ಮಿಜಾನ್ ಹೊರಸಿನ ಮ್ಯಾಲಿಂದ ಇಳದೇ ಬಿಟ್ರು. "ಯಾ ಅಲ್ಲಾ, ಇಷ್ಟು ದಿನಾ ನಾ ಹುಳಾ ಕಾಯ್ಕೋತ ಕೂತಿದ್ನಾ" ಅಂದ್ರು. ಮೀನಾಜ್ ಅಂತಾಳ, "ಮತ್ತ ಓಣಿಗಿ ಹಂಚೋಣೇನ್ರಿ ಅಮ್ಮಿ? ಯಾರ ಮನೀಗಿ ಎಷ್ಟು, ಹೇಳ್ರಿ." ಅಮ್ಮಿಜಾನ್ ಕೋಲು ತೋರ್ಸಿದ್ರು. ಆಮ್ಯಾಲ ಮೀನಾಜನೇ ಸ್ಟೂಲ್ ತಂದು ಹತ್ತಿದಳು. ನಾ ಬಕೀಟ್ ಹಿಡದೆ. ಮಧ್ಯಾಹ್ನಕ್ಕ ಎಲ್ಲಾ ಮುಗಿಸಿದ್ವಿ. ಭಾಳ ದಿನದ ಮ್ಯಾಲ ಅಷ್ಟು ನಕ್ಕಿದ್ದು.

ಆದ್ರ ಬಸ್ ಸ್ಟಾಪಿನ ಕಡೀಗಿ ಇರೋ ಗಿಡಾ ಕಂದು ಹೊಡ್ಯಾಕತ್ತಾವ. ಹಳ್ಳಿಖೇಡಕ್ಕ ಹೋಗೋ ಕಬ್ಬಿನ ಟ್ರ್ಯಾಕ್ಟರ್ ಶುರು ಆದಾಗಿನಿಂದ ಜಾಸ್ತಿ ಆಗ್ಯದ. ಮೀನಾಜ್ ಅಂತಾಳ ಇದು ಬೂಷ್ಟು ರೋಗ ಇರಬೇಕು, ಅವರ ಅಂಗಡಿ ಮುಂದಿನ ಕುಂಡದಾಗೂ ಹಿಂಗ ಆಗಿತ್ತಂತ. ಕೈಗಿ ಒಣಗಿದ್ದು ಹತ್ತಿದ ಒಂದು ಕಡ್ಡಿ ಮುರದು ಇಟ್ಟೀನಿ, ಕಾಗದದಾಗೇ. ಏನಂತ ಬರಿ.

ಸೂರ್ಯಕಾಂತ ಅಣ್ಣಾಗ ಸಲಾಂ ಹೇಳು.

ಆಯೆಷಾ


ಬಸವಕಲ್ಯಾಣ
18 ನವೆಂಬರ್ 2024

ಪ್ರಿಯ ಆಯೆಷಾ,

ಕಡ್ಡಿ ತಲುಪಿತು. ನಿನ್ನ ಸಲಾಂ ಮನೆಯವರಿಗೆ ಹೇಳಿದೆ. ಟಪಾಲು ತಂದು ಕೊಟ್ಟಾಗ ಅವರು "ನಿನ್ನ ರೋಗಿ ಬಂದಾಳ ನೋಡು" ಎಂದರು. ಅವರ ಈ ಹಳೆಯ ತಮಾಷೆಗೆ ಈ ಸಲ ನಕ್ಕೆ. ಮೀನಾಜಳ ಬೂಷ್ಟನ್ನು ನೀನು ನಂಬಲಿಲ್ಲವಲ್ಲ, ನನಗೇ ಬರೆದೆಯಲ್ಲ ಎಂದು.

ಕಡ್ಡಿಯಲ್ಲಿ ಬೂಷ್ಟಿಲ್ಲ. ಅದಿದ್ದರೆ ಚಿಗುರಿನ ತುದಿ ಮೊದಲು ಸಾಯುತ್ತದೆ, ಸತ್ತ ಭಾಗಕ್ಕೂ ಹಸಿರಿಗೂ ನಡುವೆ ಸೂಜಿಮೊನೆಯಷ್ಟು ಕರಿ ಚುಕ್ಕೆಗಳಿರುತ್ತವೆ. ಬುಡ ಕೊಳೆತಿದ್ದರೆ ಇಡೀ ಮರ ಕಳೆ ಕಳೆದುಕೊಳ್ಳುತ್ತದೆ. ಶಲ್ಕ ಹುಳವಾದರೆ ಎಲೆ ಅಂಟಂಟಾಗುತ್ತದೆ, ಇರುವೆ ಸಾಲು ಹತ್ತುತ್ತದೆ. ಇದರಲ್ಲಿ ಯಾವುದೂ ಇಲ್ಲ. ನೀನು ಕಳಿಸಿದ್ದು ಒಳಗಿನ ಹಳೆಯ ಎಲೆ. ಮಳೆಗಾಲ ಮುಗಿದ ಮೇಲೆ ಮೋರಪಂಖಿ ಬೆಳಕು ತಾಗದ ಒಳ ಎಲೆಗಳನ್ನು ತಾನಾಗಿ ಒಣಗಿಸಿ ಉದುರಿಸುತ್ತದೆ. ಅದು ರೋಗವಲ್ಲ, ವಯಸ್ಸು. ನಮ್ಮ ಹಾಗೆ.

ಆದ್ದರಿಂದ ಏನೂ ಮಾಡಬೇಡ. ಕುಂಡದಲ್ಲಿ ಕಂಡದ್ದೆಲ್ಲ ನೆಲದ ಮರಕ್ಕೆ ಅನ್ವಯಿಸುವುದಿಲ್ಲ ಎಂದು ಮೀನಾಜಳಿಗೂ ಮೆಲ್ಲಗೆ ಹೇಳು.

ಒಂದು ಮಾತು. ನಿನ್ನ ಅಕ್ಷರ ದುಂಡಗಾಗಿದೆ. ಬರೆಯುವ ಧಾಟಿಯೂ ಬೇರೆಯಾಗಿದೆ. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದ್ದಕ್ಕೆ ದಂಡ ಕಟ್ಟಿಸಿದರೆಂದು ಹಟ ಹಿಡಿದು ನಾವಿಬ್ಬರೂ ಕನ್ನಡದಲ್ಲಿ ಪತ್ರ ಶುರು ಮಾಡಿದೆವು. ಆಗಿನಿಂದ ನೀನು ಪರೀಕ್ಷೆಗೆ ಉತ್ತರ ಬರೆಯುವ ಹಾಗೆಯೇ ಬರೆಯುತ್ತಿದ್ದೆ. ಈಗ ಮಾತಾಡುವ ಹಾಗೆ ಬರೆಯುತ್ತೀ. ಚೆನ್ನಾಗಿದೆ. ಹೊಸ ಸಹವಾಸದ ಗುಣವೇನೋ ಅಂದುಕೊಂಡೆ. ಅಂದುಕೊಂಡ ಮೇಲೆ ಹಾಗೆ ಅಂದುಕೊಳ್ಳಬಾರದಿತ್ತು ಅನ್ನಿಸಿತು.

ಉಮಾ


ಹುಮನಾಬಾದ್
9 ಡಿಸೆಂಬರ್ 2024

ಉಮಾ,

ಪತ್ರ ಮುಟ್ಟಿ ಭಾಳ ದಿನ ಆತು. ಜವಾಬು ತಡ ಆತು, ಮಾಫ್ ಮಾಡು. ಮನ್ಯಾಗ ತಿರುಗಾಟ ಇತ್ತು.

ನೀ ಏನೂ ಮಾಡಬ್ಯಾಡ ಅಂದಿ, ಮಾಡಲಿಲ್ಲ. ಕಂದು ಕಮ್ಮಿ ಆಗಲಿಲ್ಲ. ಸ್ಟಾಪಿನ ಕಡೀ ಮೂಲೀಗಿರೋ ಎರಡು ಗಿಡಾ ಪೂರಾ ತಾಮ್ರದ ಬಣ್ಣಕ್ಕ ಬಂದಾವಂತ ಎಲ್ಲಾರೂ ಅನ್ನಾಕತ್ತಾರ. ಕಡೀಗಿ ಮೀನಾಜ್ ಅಂಗಡಿಗಿ ತಂದಿಟ್ಟ ಹುಳದ ಔಷಧ ಹೊಡದಳು. ಎರಡು ಸಲ. ಮೊದಲ ವಾರ ನೆಟ್ಟಗಾದಂಗ ಕಾಣಿಸ್ತಂತ, ಆಮ್ಯಾಲ ಇನ್ನೂ ಜೋರಾತು.

ಅಮ್ಮಿಜಾನ್ ಹೊರಸು ಸರಿಸಿ ಗ್ವಾಡಿ ಬದಿ ಹಾಕ್ಯಾರ. ಅಲ್ಲಿ ಬಿಸಿಲು ಬರಂಗಿಲ್ಲ.

ಕಡ್ಡಿ ಕಳಿಸಿಲ್ಲ ಈ ಸಲ. ಇಷ್ಟೇ.

ಆಯೆಷಾ


ಬಸವಕಲ್ಯಾಣ
14 ಡಿಸೆಂಬರ್ 2024

ಪ್ರಿಯ ಆಯೆಷಾ,

ಕಡ್ಡಿ ಕಳಿಸದೆ ಔಷಧ ಹೊಡೆಸಿದ್ದೀ. ಯಾವ ಔಷಧ, ಅದರ ಹೆಸರೇನು, ಯಾವುದನ್ನು ಕೊಲ್ಲಲು? ಯಾರೂ ಕೇಳಲಿಲ್ಲವೇ? ನಾನಾದರೆ ಕೇಳುತ್ತಿದ್ದೆ. ಆದರೆ ನನ್ನ ಮುಂದೆ ಅದು ಆಗಲಿಲ್ಲ.

ಫೋನಿನಲ್ಲಿ ಮೊನ್ನೆ ಮಾತಾಡಿದಾಗ ಮಕ್ಕಳ ಸುದ್ದಿ, ತೊಗರಿಯ ಸುದ್ದಿ ಎಲ್ಲ ಹೇಳಿದೆ. "ನೀನು ಹೇಗಿದ್ದೀ" ಎಂದರೆ "ಛಲೋ ಇದ್ದೀನಿ" ಎಂದೆ. ಹಿಂದಿನಿಂದ ಯಾರೋ "ಆಪಾ, ಹೊತ್ತಾತು, ಗಾಡಿ ಬಂದದ" ಎಂದರು. ಮೀನಾಜಳ ದನಿ ನನಗೆ ಈಗ ಗುರುತು ಸಿಗುತ್ತದೆ. ನೀವಿಬ್ಬರೂ ಎಲ್ಲಿಗೋ ಹೊರಟಿದ್ದಿರಿ. ಎಲ್ಲಿಗೆ ಎಂದು ನೀನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋದ ಶನಿವಾರ ನಮ್ಮ ಶಾಲೆಯ ಮಾಣಿಕಮ್ಮ ನಿಮ್ಮಿಬ್ಬರನ್ನು ಹೈದರಾಬಾದ್ ಬಸ್ಸಿನಲ್ಲಿ ನೋಡಿದಳಂತೆ. ನೀನು ಅವಳ ಭುಜಕ್ಕೆ ಒರಗಿ ಮಲಗಿದ್ದೆಯಂತೆ. ನಾವಿಬ್ಬರೂ ಒಟ್ಟಿಗೆ ಹೈದರಾಬಾದಿಗೆ ಹೋಗಿ ಎಷ್ಟು ವರ್ಷವಾಯಿತು ಎಂದು ನೆನಪು ಮಾಡಿಕೊಂಡೆ. ಪ್ರತಿ ಸಲ ನೀನೇ "ಆಗಂಗಿಲ್ಲ, ಮನ್ಯಾಗ ಕೆಲಸ" ಅನ್ನುತ್ತಿದ್ದೆ.

ಈ ವಯಸ್ಸಿನಲ್ಲಿ ಇದೇನು ಎಂದು ನನಗೇ ನಾಚಿಕೆಯಾಗುತ್ತದೆ. ಶಾಲೆಯಲ್ಲಿ ಗೆಳತಿ ಬೆಂಚು ಬದಲಿಸಿದ್ದಕ್ಕೆ ಯಾವುದಾದರೂ ಹುಡುಗಿ ಅತ್ತರೆ ಸಮಾಧಾನ ಹೇಳಿ ಕಳಿಸುವವಳು ನಾನು.

ಮರದ ಬಗ್ಗೆ ಕೇಳಿದರೆ, ಕಡ್ಡಿ ನೋಡದೆ ಏನನ್ನೂ ಹೇಳಲಾರೆ. ಇಷ್ಟು ಮಾತ್ರ ಹೇಳುತ್ತೇನೆ: ಮದುವೆ ಮಂಟಪಕ್ಕೆ ಹೂ ಕಟ್ಟುವವರಿಗೆ ಹಸಿರು ಒಂದು ಸಂಜೆ ಉಳಿದರೆ ಸಾಕು. ಮರದ ಲೆಕ್ಕ ಬೇರೆ.

ಉಮಾ


ಹುಮನಾಬಾದ್
12 ಜನವರಿ 2025

ಉಮಾ,

ಈ ಪತ್ರ ಪೂರಾ ಓದು, ನಡುವ ಬಿಡಬ್ಯಾಡ.

ಇದನ್ನ ಬರ್ಯಾಕತ್ತಿದ್ದು ನಾ ಅಲ್ಲ, ಮೀನಾಜ್. ನಾ ಹೇಳಾಕತ್ತೀನಿ. ನವೆಂಬರದಾಗ ಬರದಿದ್ದೂ ಅಕೀನೇ, ಡಿಸೆಂಬರದಾಗ ಬರದಿದ್ದೂ ಅಕೀನೇ. ದುಂಡ ಅಕ್ಷರ ಅಕೀದು. ಬೇಮಳಖೇಡದ ಕನ್ನಡ ಸಾಲಿಯಾಗ ಕಲ್ತಾಕಿ, ನಮ್ಮಂಗ ಸೊಟ್ಟ ಬರ್ಯಾಂಗಿಲ್ಲ.

ನನ್ನ ಕಣ್ಣು ಹೋಗಾಕತ್ತಾವ. ಸಕ್ಕರಿ ಕಾಯಿಲೆದ್ದು. ಎಡಗಣ್ಣಾಗ ಪರದಾ ಬಿದ್ದಂಗದ, ಬಲಗಣ್ಣಾಗ ನಡುವ ಒಂದು ಕರೀ ಚುಕ್ಕಿ, ಎಲ್ಲಿ ನೋಡ್ತೀನೋ ಅಲ್ಲೇ ಬರ್ತದ. ಅಕ್ಷರ ಕಾಣಾಂಗಿಲ್ಲ. ಹೈದರಾಬಾದಿಗಿ ಹೋಗೋದು ಕಣ್ಣಿನ ಸೂಜಿ ಚುಚ್ಚಿಸ್ಕೊಳ್ಳಾಕ. ಮನ್ಯಾಗ ಗಂಡಸರಿಗಿ ಪುರುಸೊತ್ತಿಲ್ಲ, ಮೀನಾಜ್ ಬರ್ತಾಳ. ಭುಜಕ್ಕ ಒರಗಿದ್ದು ಖರೇ. ಸೂಜಿ ಆದ ಮ್ಯಾಲ ತಲಿ ಎತ್ತಾಕ ಆಗಾಂಗಿಲ್ಲ.

ಚಹಾ ತಟ್ಟೀಗಿ ಬಿದ್ದಿದ್ದೂ ಅದಕ್ಕ. ಏನು ಜೋತಾಡಾಕತ್ತದ ಅಂತ ಮೀನಾಜನ್ನ ಕೇಳಿದ್ದೂ ಅದಕ್ಕ. ನಿನ್ನ ಕೇಳಿದ್ರ ನೀ "ಸರಿಯಾಗಿ ನೋಡು, ಎಲ್ಲಿ, ಯಾವ ಕೊಂಬಿ" ಅಂತಿದ್ದಿ. ನಾ ಸಿಕ್ಕಿ ಬೀಳ್ತಿದ್ದೆ. ನಿನಗ ಕಳಿಸಿದ ಕಡ್ಡಿ ನಾನೇ ಕೈಯಾಡ್ಸಿ ಮುರದಿದ್ದು. ಮೀನಾಜಗ ಮುರಿ ಅಂತ ಹೇಳಲಿಲ್ಲ. ಕಡ್ಡಿ ಮಾತ್ರ ನನ್ನ ಕೈದೇ ಇರಲಿ ಅಂತ.

ಯಾಕ ಹೇಳಲಿಲ್ಲ ಅಂತ ಕೇಳ್ತಿ. ನೀ ಗಿಡಾ ಪರೀಕ್ಷೆ ಮಾಡ್ದಂಗ ನನ್ನೂ ಮಾಡ್ತಿ, ಉಮಾ. ಯಾವಾಗಿಂದ, ಎಷ್ಟು, ಯಾಕ ತಡ ಮಾಡಿದಿ, ಏನು ತಿಂದಿ. ಮೀನಾಜ್ ಏನೂ ಕೇಳಾಂಗಿಲ್ಲ, ಕೈ ಹಿಡ್ಕೊಂಡು ನಡೀತಾಳ. ನನಗ ಸ್ವಲ್ಪ ದಿನಾ ಅಂಥಾದು ಬೇಕಿತ್ತು.

ನಿನ್ನ ಎಲ್ಲಾ ಪತ್ರ ಅಕೀನೇ ಓದ್ಯಾಳ. ಜೋರಾಗಿ, ಅಮ್ಮಿಜಾನ್ ಕೂಡ ಕೇಳೂಹಂಗ. ಮದುವೆ ಮಂಟಪದ ಸಾಲು ಬಂದಾಗ ಅಕಿ ಜರಾ ನಿಂತಳು. ನಾ ಅಂದೆ, ಬಿಡು ಆ ಸಾಲು. ಅಕಿ ಅಂದಳು, "ಪತ್ರ ನಿಮ್ಮದು ಆಪಾ, ನಾ ಹ್ಯಾಂಗ ಬಿಡ್ಲಿ?" ಒಂದಕ್ಷರ ಬಿಡಲಿಲ್ಲ. ಆಮ್ಯಾಲ ಬಕೀಟ್ ತಗೊಂಡು ಹೊರಗ ಹೋಗಿ ಆ ಎರಡು ಗಿಡಕ್ಕ ನೀರು ಹಾಕಿ ಬಂದಳು. ಈಗ ಇದನ್ನ ಬರೀಬ್ಯಾಡ್ರಿ ಅನ್ನಾಕತ್ತಾಳ. ಬರಿ ಅಂದೀನಿ.

ಎರಡು ಗಿಡಾ ಹೋದಂಗೇ. ಮೂರನೇದ್ದಕ್ಕೂ ಹತ್ಯದ. ಬಸ್ಸಿಗಿ ನಿಂತ ಮಂದಿ ಸಂದಿಯಾಗಿಂದ ನಮ್ಮ ಅಂಗಳ ನೋಡ್ತಾರ. ಅಮ್ಮಿಜಾನ್ ಹೊರಸು ಒಳಗ ಒಯ್ಸ್ಯಾರ. ಮೀನಾಜ್ ಆ ಜಾಗಾಕ್ಕ ಬಿದಿರಿನ ಚಿಕ್ ಪರದಾ ಕಟ್ಟೋಣ ಅಂತಾಳ. ಅಮ್ಮಿಜಾನ್ ಅಂತಾರ, ಉಮಾ ಏನಂತಾಳ ಕೇಳ್ರಿ ಮೊದಲ.

ಅದಕ್ಕ ಕೇಳಾಕತ್ತೀನಿ.

ಆಯೆಷಾ
(ಕೈ ಮೀನಾಜದ್ದು)


ಬಸವಕಲ್ಯಾಣ
20 ಜನವರಿ 2025

ಪ್ರಿಯ ಆಯೆಷಾ,

ನಿನ್ನ ಪತ್ರ ಸಿಕ್ಕ ಸಂಜೆಯೇ ಫೋನ್ ಮಾಡಿದ್ದು ನಿನಗೆ ಗೊತ್ತು. ಆದರೆ ನೀನು ನಮಾಜಿಗೆ ಕುಳಿತಿದ್ದೆ. ಆಗ ನಡೆದದ್ದನ್ನು ಮೀನಾಜ್ ಪೂರ್ತಿ ಹೇಳಿರಲಾರಳು. ತನ್ನ ಬಗ್ಗೆ ಒಳ್ಳೆಯದನ್ನು ಬರೆಯಬೇಡಿ ಅನ್ನುವವಳು.

ಫೋನ್ ಎತ್ತಿದವಳು, "ಆಪಾ ಈಗ ಸಿಗೂದಿಲ್ರಿ ಮೇಡಂ" ಎಂದಳು.

"ನನಗೆ ನಿಮ್ಮ ಹತ್ತಿರವೇ ಮಾತಿತ್ತು" ಎಂದೆ.

"ಬಯ್ಯೂದಿದ್ರ ಪತ್ರದಾಗೇ ಬರೀರಿ ಮೇಡಂ, ಹೆಂಗೂ ನಾನೇ ಓದೂದು" ಎಂದಳು.

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಒಂದು ಬಿಳಿ ಕಾಗದ ತೆಗೆದುಕೊಂಡು ಮೂರನೇ ಮರದ ಹತ್ತಿರ ಹೋಗಿ, ಕಂದಿಗೂ ಹಸಿರಿಗೂ ನಡುವೆ ಇರುವ ಹೊರಗಿನ ಕೊಂಬೆ ಹಿಡಿದು, ಕಾಗದದ ಮೇಲೆ ಎರಡು ಸಲ ಬಡಿಯಿರಿ ಎಂದೆ. ಹೋಗಿ ಬಡಿದಳು.

"ಧೂಳು ಬಿದ್ದದ ಅಷ್ಟೇ."

"ನೋಡುತ್ತಾ ಇರಿ."

"ಏನ್ ನೋಡ್ಲಿ ಮೇಡಂ, ಟ್ರ್ಯಾಕ್ಟರಿನ ಧೂಳು…" ಎಂದವಳು ನಿಂತಳು. "ಮೇಡಂ, ಧೂಳು ನಡ್ಯಾಕತ್ತದ."

ಬೆರಳಿನಿಂದ ಒರೆಸಿ ಎಂದೆ. ಹಸಿರು ಗೆರೆ ಬಂತು ಎಂದಳು. ಹಿಂದಿನಿಂದ ಅಮ್ಮಿಜಾನರ ದನಿ ಕೇಳಿತು, "ಈ ಗಿಡದಾಗ ಹುಳಾ ಅಲ್ಲದ್ದು ಏನಾದ್ರೂ ಅದನಾ?" ಕಾಗದ ಸರಿಯಾಗಿ ಬಿಳಿಯದೇ ತಾನೆ ಎಂದು ಕೇಳಿದೆ. "ನಿಮ್ಮ ಪತ್ರದ ಹಿಂದಿನ ಬದೀರಿ" ಎಂದಳು.

ಅದು ನುಸಿ. ಜೇಡನ ಜಾತಿಯದು, ಎಲೆಯ ರಸ ಹೀರುತ್ತದೆ. ಮೊದಲು ಎಲೆಯ ಮೇಲೆ ಹಳದಿ ಚುಕ್ಕಿಗಳು ಮೂಡುತ್ತವೆ, ಆಮೇಲೆ ಇಡೀ ಕೊಂಬೆ ತಾಮ್ರದ ಬಣ್ಣಕ್ಕೆ ತಿರುಗುತ್ತದೆ. ಎಲೆಗಳ ನಡುವೆ ಕಂಡೂ ಕಾಣದ ಬಲೆ ಇರುತ್ತದೆ. ಧೂಳು ಕೂತ ಕಡೆ ಬೇಗ ಹೆಚ್ಚುತ್ತದೆ. ಅದಕ್ಕೇ ರಸ್ತೆಯ ಬದಿ ಮೊದಲು ಹೋಯಿತು. ಹುಳದ ಔಷಧ ನುಸಿಯನ್ನು ತಿಂದು ಬದುಕುವ ಸಣ್ಣ ಜೀವಗಳನ್ನು ಕೊಂದಿತು, ನುಸಿ ಉಳಿಯಿತು. ಈ ತಪ್ಪಿನಲ್ಲಿ ಮೀನಾಜಳ ಪಾಲು ಎಷ್ಟೋ ಅಷ್ಟೇ ನನ್ನದು. ನಾನು ಏನೂ ಮಾಡಬೇಡ ಎಂದು ಬರೆದ ಆ ಮೂರು ವಾರದಲ್ಲಿ ಕೊಳವೆ ನೀರು ರಭಸವಾಗಿ ಹೊಡೆದಿದ್ದರೂ ಮೂಲೆಯ ಮರಗಳು ಉಳಿಯುತ್ತಿದ್ದವು. ಒಂದೇ ಕಡ್ಡಿ ಸಾಕು ಎಂದುಕೊಂಡೆ. ಹೊರಗಿನದು ಇನ್ನೊಂದು ಕಳಿಸು ಎಂದು ಮಕ್ಕಳಿಗಾದರೆ ಹೇಳುತ್ತಿದ್ದೆ. ಆ ಕಡ್ಡಿಯಲ್ಲಿ ನಾನು ಹುಡುಕಿದ್ದು ರೋಗವನ್ನಲ್ಲ, ಮೀನಾಜ್ ಹೇಳಿದ್ದು ತಪ್ಪು ಎಂಬುದನ್ನು. ಅದು ಸಿಕ್ಕಿತು. ಸಿಕ್ಕ ಕೂಡಲೇ ನೋಡುವುದನ್ನು ನಿಲ್ಲಿಸಿದೆ.

ಹೇಗೂ ಶುರು ಮಾಡಿದ್ದೇನೆ, ಉಳಿದದ್ದನ್ನೂ ಬರೆಯುತ್ತೇನೆ. ನಿನ್ನ ಕಣ್ಣಿನ ವಿಷಯ ಓದಿದಾಗ ನನಗೆ ಮೊದಲು ಬಂದದ್ದು ದುಃಖವಲ್ಲ. ಅವಳಿಗೆ ನನಗಿಂತ ಮುಂಚೆ ಗೊತ್ತಿತ್ತು ಎಂಬುದು. ದುಃಖ ಆಮೇಲೆ ಬಂತು, ಅಡುಗೆಮನೆಗೆ ಹೋಗಿ ನೀರು ಕುಡಿದ ಮೇಲೆ. ನಾನು ಪರೀಕ್ಷೆ ಮಾಡುತ್ತೇನೆ ಎಂದು ಬರೆಸಿದ್ದೀಯಲ್ಲ, ಆ ಮಾತಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದೆ, ಉತ್ತರ ಪತ್ರಿಕೆಯಲ್ಲಿ ಎಳೆದ ಹಾಗೆ. ಎಳೆದ ಮೇಲೆ ಗೊತ್ತಾಯಿತು ನೀನು ಹೇಳಿದ್ದು ಏನೆಂದು.

ಕೈ ಹಿಡಿದು ಏನೂ ಕೇಳದೆ ನಡೆಯುವುದು ನನಗೆ ಬರುತ್ತದೋ ಇಲ್ಲವೋ ತಿಳಿಯದು. ಕಲಿತಿದ್ದೇನೆ ಎಂದು ಬರೆದರೆ ಸುಳ್ಳು. ಹೊಟ್ಟೆಕಿಚ್ಚು ಹೋಗಿದೆ ಎಂದು ಬರೆದರೂ ಸುಳ್ಳೇ. ಈ ಸಾಲು ಕೂಡ ನಿನಗೆ ಅವಳ ದನಿಯಲ್ಲೇ ಕೇಳುತ್ತದೆ, ನಾನು ಎಲ್ಲಿ ನಿಲ್ಲಬೇಕೆಂದುಕೊಂಡೆನೋ ಅಲ್ಲಿ ಅವಳು ನಿಲ್ಲುವುದಿಲ್ಲ ಎಂದು ಈಗಲೂ ಚುಚ್ಚುತ್ತದೆ.

ಮೀನಾಜ್, ಇದು ನಿಮಗೆ. ಮಂಟಪದ ಸಾಲನ್ನು ನಾನು ಆಯೆಷಾಗೆ ಬರೆದೆ, ಆದರೆ ತಾಗಬೇಕು ಎಂದು ಬಯಸಿದ್ದು ನಿಮಗೇ. ತಾಗಿತು. ಕ್ಷಮಿಸಿ ಎಂದು ಬರೆದು ಅದನ್ನೂ ನಿಮ್ಮಿಂದಲೇ ಜೋರಾಗಿ ಓದಿಸುವುದು ಎಂಥ ಕ್ಷಮೆ ಎಂದು ನನಗೆ ಅನುಮಾನವಿದೆ. ಆದರೂ ಓದಿ. ನಿಮ್ಮ ಚಿಕ್ ಪರದೆಯ ಮಾತು ಸರಿ. ಇದನ್ನು ಬರೆಯುವ ಮುಂಚೆ ಎದ್ದು ಒಂದು ಕಪ್ ಚಹಾ ಮಾಡಿಕೊಳ್ಳಬೇಕಾಯಿತು. ಸತ್ತ ಎರಡನ್ನೂ ಬುಡಸಮೇತ ತೆಗೆಸಿ, ಆ ಜಾಗಕ್ಕೆ ಚಿಕ್ ಕಟ್ಟಿಸಿ. ಉಳಿದ ಮರಗಳಿಗೆ ವಾರಕ್ಕೆರಡು ಸಲ ಬೆಳಿಗ್ಗೆ ಕೊಳವೆ ನೀರು, ಎಲೆಯ ಅಡಿಯಿಂದ ಮೇಲಕ್ಕೆ ಹೊಡೆಯಿರಿ. ಔಷಧ ಬೇಡ. ಮೂರನೆಯದು ಉಳಿಯಬಹುದು, ಮಾತು ಕೊಡಲಾರೆ. ಅಮ್ಮಿಜಾನರ ಹೊರಸನ್ನು ಚಿಕ್ ಕಟ್ಟಿದ ದಿನವೇ ಹೊರಗೆ ತನ್ನಿ. ಇದನ್ನು ಹೇಳಿದ್ದು ಉಮಾ ಎನ್ನಿ, ಬರುತ್ತಾರೆ.

ಆಯೆಷಾ, ಮುಂದಿನ ಸೂಜಿಗೆ ಹೈದರಾಬಾದಿಗೆ ಮೀನಾಜಳೇ ಬರಲಿ. ಜಾಗವಿದ್ದರೆ ನಾನೂ ಬರುತ್ತೇನೆ, ಹಿಂದಿನ ಸೀಟಿನಲ್ಲಿ ಕೂರುತ್ತೇನೆ.

ಭಾನುವಾರ ಶಾಲೆಯಲ್ಲಿ ಧ್ವಜಾರೋಹಣ ಮುಗಿಸಿಕೊಂಡು ನಿಮ್ಮಲ್ಲಿಗೆ ಬರುವವಳಿದ್ದೇನೆ. ಈ ಪತ್ರವನ್ನು ಜೊತೆಗೇ ತಂದು, ನಿನ್ನೊಬ್ಬಳನ್ನೇ ಕೂರಿಸಿಕೊಂಡು ನನ್ನ ದನಿಯಲ್ಲಿ ಓದಿಬಿಡೋಣ ಎಂದು ಬೆಳಿಗ್ಗೆಯಿಂದ ಆಸೆಯಾಗಿತ್ತು. ಓದಿದ ಮೇಲೆ ಮಡಚಿ ಚೀಲದೊಳಗೆ ಇಟ್ಟುಕೊಳ್ಳಬಹುದಿತ್ತು, ಮೀನಾಜಳಿಗೆ ತಿಳಿಯುತ್ತಲೇ ಇರಲಿಲ್ಲ. ಹಾಗೆ ಮಾಡುವುದಿಲ್ಲ. ನಾನು ನಿಮ್ಮ ಗೇಟಿನೊಳಗೆ ಕಾಲಿಡುವ ಮುಂಚೆ ಇದನ್ನು ಅವಳು ಓದಿ ಮುಗಿಸಿರಬೇಕು, ಅಮ್ಮಿಜಾನ್ ಕೇಳಿರಬೇಕು. ಆಮೇಲೂ ಚಹಾ ಕೊಟ್ಟರೆ ಕುಡಿಯುತ್ತೇನೆ.

ಇವತ್ತು ಅಂಚೆ ಕಚೇರಿಯ ಹೊತ್ತು ಮೀರಿತು. ನಾಳೆ ಶಾಲೆಗೆ ಹೋಗುವಾಗ ಹಾಕುತ್ತೇನೆ.

ಉಮಾ

ಅಂಚೆಗೆ: ಮಂಗಳವಾರ, 21 ಜನವರಿ 2025